ಮಿಂಚಣ್ಣನ ಅಕ್ಕ

ಆ ದೊಡ್ಡ ಹಸಿರು ಚೆಂಡನ್ನು ಯಾರೂ ಮುಟ್ಟಿಲ್ಲ, ಫ್ಯಾನಿನ ಗಾಳಿಗೆ ತಾನೇ ಒಂದು ಗೇಣು ಉರುಳುತ್ತದೆ, ನಿಲ್ಲುತ್ತದೆ, ಏನೋ ಮರೆತವರ ಹಾಗೆ ಹಿಂದಕ್ಕೆ ಬರುತ್ತದೆ, ಅದರೊಳಗೂ ಗಾಳಿ, ಹೊರಗೂ ಗಾಳಿ — ಹಾಗಂದುಕೊಂಡು ಅವನಿಗೆ ನಗು ಬಂತು, ಬಂದದ್ದನ್ನು ಕೆಮ್ಮಿ ಮರೆಸಿದ, ಯಾಕೆಂದರೆ ಚೆಂಡಿನ ಆಚೆ, ಎರಡು ಕಬ್ಬಿಣದ ಕಂಬಿಗಳ ನಡುವೆ ಅಕ್ಕ ನಿಂತಿದ್ದಾಳೆ. ನಿಂತಿದ್ದಾಳೆ ಅನ್ನುವುದಕ್ಕಿಂತ ನಿಲ್ಲಿಸಿದ್ದಾರೆ ಅನ್ನಬೇಕು, ಸೊಂಟಕ್ಕೆ ಅಗಲವಾದ ಪಟ್ಟಿ, ಆ ಪಟ್ಟಿಯನ್ನು ಹಿಂದಿನಿಂದ ಬಿಗಿಯಾಗಿ ಹಿಡಿದ ಫಿಸಿಯೋ ಡಾಕ್ಟರ್ ಹುಡುಗಿ, ಇಪ್ಪತ್ತೈದೋ ಇಪ್ಪತ್ತಾರೋ ಇರಬೇಕು, ಕೂದಲನ್ನು ಮೇಲಕ್ಕೆ ಸುತ್ತಿ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಾಳೆ, ಅಮ್ಮಾ ಬಲಗಾಲು, ಬಲಗಾಲು ಅಮ್ಮಾ, ಸ್ವಲ್ಪ ಮುಂದಕ್ಕೆ ತನ್ನಿ, ಅಷ್ಟೇ, ಅಷ್ಟೇ. ಬಲಗಾಲು ಬರುವುದಿಲ್ಲ. ಬಲಗಡೆಯದು ಯಾವುದೂ ಬರುವುದಿಲ್ಲ, ಕಾಲು, ಕೈ, ತುಟಿಯ ಆ ತುದಿ, ಲಕ್ವ ಹೊಡೆದು ತಿಂಗಳ ಮೇಲಾಯಿತು. ಹುಡುಗಿ ಎಣಿಸುತ್ತಾಳೆ, ಒಂದು, ಎರಡು, ಮೂರು, ಗೋದಾಮಿನಲ್ಲಿ ಮೂಟೆ ಎಣಿಸುವವರ ಹಾಗೆ, ಹಾಗಲ್ಲ ತಾಯೀ ಎಣಿಸುವುದು, ಎಣಿಸುವುದು ಅಂದರೆ ಕರೆಯುವುದು, ಒಂದು ಅನ್ನುವಾಗಲೇ ಎರಡರ ಮೇಲೆ ಆಸೆ ಹುಟ್ಟಬೇಕು, ಎರಡು ಹೋಗಿ ಮೂರರ ಕೈ ಹಿಡಿದು ಎಳೆದು ತರಬೇಕು, ಹತ್ತೊಂಬತ್ತು ವರ್ಷ ದಿನಾ ಬೆಳಗ್ಗೆ ಆರೂವರೆಗೆ ಟೀವಿಯಲ್ಲಿ ಜನರನ್ನು ಕುಣಿಸುತ್ತ ಅವನು ಒಂದರಿಂದ ಎಂಟರವರೆಗೆ ಎಣಿಸಿದ್ದಾನೆ, ಎಂಟರ ಮುಂದೆ ಹೋದದ್ದೇ ಇಲ್ಲ, ಎಂಟಾದ ಮೇಲೆ ಮತ್ತೆ ಒಂದು, ಹಾಗಾಗಿ ತಾವು ಎಷ್ಟು ದೂರ ಬಂದೆವು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ, ದಣಿವೂ ಗೊತ್ತಾಗುತ್ತಿರಲಿಲ್ಲ. ಇದನ್ನು ಹುಡುಗಿಗೆ ಹೇಳಬೇಕು. ಹೇಳಲಿಲ್ಲ. ಮೂರು ವಾರದಿಂದ ಈ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಾಸಲು ಕಂದು ಶರ್ಟು, ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಕೂರುತ್ತಾನೆ, ಯಾರಿಗೂ ಗುರುತು ಸಿಗಬಾರದು ಅಂತ, ಸಿಕ್ಕಿಲ್ಲ, ಸಿಗದೆ ಹೋದದ್ದಕ್ಕೆ ಒಳಗೆಲ್ಲೋ ಚುರ್ ಅನ್ನುತ್ತದೆ, ಥೂ, ಐವತ್ತೊಂಬತ್ತು ತುಂಬಿತು ನಿನಗೆ, ಅಕ್ಕ ಅಲ್ಲಿ ಒಂದು ಹೆಜ್ಜೆಗೆ ಒದ್ದಾಡುತ್ತಿದ್ದಾಳೆ, ನಿನಗೆ ನಿನ್ನ ಮುಖದ ಚಿಂತೆ.

ರಬ್ಬರಿನ ವಾಸನೆ, ನೆಲದ ಹಾಸಿನದು, ಬಿಸಿಲು ಬಿದ್ದರೆ ಇನ್ನೂ ಜೋರು, ಅವನು ಮೊದಲು ತರಗತಿ ನಡೆಸಿದ ಟಯರ್ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲೂ ಇದೇ ವಾಸನೆ — ಅದಕ್ಕೂ ಮುಂಚಿನದು ಬಟ್ಟೆಯ ವಾಸನೆ, ಹೊಸ ಬಟ್ಟೆಯ ಗಂಜಿ, ಯಂತ್ರದ ಎಣ್ಣೆ. ಅಮ್ಮ ಹೋದಾಗ ಅವನಿಗೆ ಆರು, ಅಕ್ಕನಿಗೆ ಹದಿನಾಲ್ಕು, ಅಪ್ಪ ಗಡಿಯಾರ ರಿಪೇರಿಯವನು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಇನ್ನೊಂದು ಕಣ್ಣಿಗೆ ಮಕ್ಕಳೂ ಕಾಣುತ್ತಿರಲಿಲ್ಲ, ಅಕ್ಕ ಶಾಲೆ ಬಿಟ್ಟು ಅಮ್ಮನ ಹೊಲಿಗೆ ಯಂತ್ರದ ಮುಂದೆ ಕೂತಳು, ಅವನು ಯಂತ್ರದ ಕೆಳಗೆ, ಅವಳ ಪಾದದ ಪಕ್ಕದಲ್ಲಿ, ಬಟ್ಟೆ ಚೂರುಗಳ ಗುಡ್ಡೆಯಲ್ಲಿ ಕೂತು ಮಗ್ಗಿ ಬಾಯಿಪಾಠ ಮಾಡಿದ. ಇಬ್ಬರದೂ ಒಂದೇ ಅಚ್ಚು, ಅಮ್ಮನ ಕಡೆಯದಂತೆ ಆ ಮೈಕಟ್ಟು, ಬೀದಿಯವರು ಅವಳಿಗೆ ದೊಡ್ಡ ಗುಂಡು, ಅವನಿಗೆ ಚಿಕ್ಕ ಗುಂಡು ಅಂತ ಹೆಸರಿಟ್ಟರು, ಇಬ್ಬರೂ ಕೈ ಹಿಡಿದು ಅಂಗಡಿಗೆ ಹೊರಟರೆ ಪಕ್ಕಕ್ಕೆ ಸರೀರಪ್ಪಾ, ರಸ್ತೆ ಸಾಲಲ್ಲ ಅನ್ನುವರು. ಶಾಲೆಯ ಡ್ರಿಲ್ ಮೇಷ್ಟ್ರು, ಲೋ ಗುಂಡು, ನೀನು ಓಡಬೇಡ ಕಣಪ್ಪಾ, ಮೈದಾನ ಸವೆದುಹೋಗುತ್ತೆ, ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು, ಅವನು ಮನೆಗೆ ಬಂದು ಯಂತ್ರದ ಕೆಳಗೆ ನುಸುಳಿ ಸಂಜೆಯವರೆಗೂ ಹೊರಬರಲಿಲ್ಲ. ಅಕ್ಕ ಪೆಡಲ್ ತುಳಿಯುವುದನ್ನು ನಿಲ್ಲಿಸಿ ತಲೆ ಬಗ್ಗಿಸಿ ನೋಡಿದಳು, ಬಾಯಲ್ಲಿ ಎರಡು ಗುಂಡುಪಿನ್ನು, ಅದರ ಸಂದಿಯಿಂದಲೇ ಮಾತು, ನೋಡು ಪುಟ್ಟಾ, ನಾಳೆ ಅವರು ನಗೋಕೆ ಮುಂಚೆ ನೀನೇ ನಕ್ಕುಬಿಡು, ಆಮೇಲೆ ಅವರಿಗೆ ನಗೋಕೆ ಏನು ಉಳಿಯುತ್ತೆ ಹೇಳು. ಅಷ್ಟೇ. ಅವನ ಇಡೀ ಬದುಕು ಅಷ್ಟರ ಮೇಲೆ ನಿಂತಿತು, ಆಮೇಲೆ ಪತ್ರಿಕೆಯವರು ಮೈಕ್ ಹಿಡಿದು ನಿಮ್ಮ ಗುಟ್ಟೇನು ಅಂತ ಕೇಳಿದಾಗಲೆಲ್ಲ ಅವನು ಶ್ರದ್ಧೆ ಅಂದ, ಬೆವರು ಅಂದ, ಒಂದು ಸಲವಾದರೂ ಅಕ್ಕ ಅಂದನೇ, ಇಲ್ಲ. ಇಪ್ಪತ್ತಕ್ಕೆ ಡಾನ್ಸ್ ಶಾಲೆಯಲ್ಲಿ ನೆಲ ಒರೆಸುವ ಕೆಲಸ, ಒರೆಸುತ್ತಲೇ ಕಲಿತ, ಎರಡು ವರ್ಷದಲ್ಲಿ ಮೈಯೆಲ್ಲ ಕರಗಿ ಕನ್ನಡಿಯಲ್ಲಿ ಬೇರೆ ಯಾರೋ ನಿಂತ, ಆ ಬೇರೆ ಯಾರೋ ಒಂದು ದಿನ ಮನೆಯಲ್ಲಿದ್ದ ಹಳೆಯ ಫೋಟೋಗಳನ್ನೆಲ್ಲ ಒಲೆಗೆ ಹಾಕಿದ, ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು, ಹಾಕೋದು ಹಾಕು, ಹೊಗೆ ಆಗದ ಹಾಗೆ ಹಾಕು, ಹೊಲಿದಿಟ್ಟ ಬಟ್ಟೆಗೆ ವಾಸನೆ ಹಿಡಿಯುತ್ತೆ ಅಂದಳು. ಆಮೇಲೆ ಆ ನೆಲಮಾಳಿಗೆ, ಅವನದೇ ಕುಣಿತದ ತರಗತಿ, ಬಾಡಿಗೆಗೆ ಟೇಪ್‌ರೆಕಾರ್ಡರು, ಮೈ ಕರಗಿಸಲು ಬಂದ ಹನ್ನೊಂದು ಜನ ಹೆಂಗಸರು ಹಿಂದಿನ ಗೋಡೆಗೆ ಅಂಟಿಕೊಂಡು ನಿಂತಿದ್ದಾರೆ, ಯಾರೂ ಕೈ ಎತ್ತುವುದಿಲ್ಲ, ಎತ್ತಿದರೆ ತೋಳು ಕಾಣುತ್ತದೆ, ಕುಣಿದರೆ ಮೈ ಕುಲುಕುತ್ತದೆ, ಅವನು ಬೇಡಿಕೊಂಡ, ಗದರಿದ, ಮನೆಗೆ ಬಂದು ನಾಳೆಯಿಂದ ಬಾಗಿಲು ಹಾಕ್ತೀನಿ ಅಂದ. ಅಕ್ಕ ಯಾರದೋ ಗೌನಿನಲ್ಲಿ ಉಳಿದ ಬೆಳ್ಳಿ ಬಣ್ಣದ ಬಟ್ಟೆ ತೆಗೆದು ಕೂತಳು, ತೋಳಿಲ್ಲದ ಒಂದು ಅಂಗಿ, ಎದೆಯ ತುಂಬ ಚಮಕಿ, ಹೆಗಲಿಂದ ಇಳಿಬಿದ್ದ ಜಾಲರು, ಇದನ್ನ ಹಾಕ್ಕೊಂಡು ಹೋಗು, ನಿನಗಿಂತ ನಗೆಪಾಟಲಾಗೋಕೆ ಅವರ ಕೈಲಿ ಆಗಲ್ಲ ಅಂತ ಗೊತ್ತಾಗಲಿ. ಅವನು ಹಾಗೇ ಹೋದ, ಬಾಗಿಲಲ್ಲಿ ಒಂದು ಸುತ್ತು ತಿರುಗಿದ, ಆ ಹನ್ನೊಂದು ಜನ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ನಗುತ್ತ ನಗುತ್ತ ಕೈ ಮೇಲೆ ಹೋದವು, ತಮ್ಮಷ್ಟಕ್ಕೆ ತಾವೇ.

ಕೈ ಮೇಲೆ ಹೋದವು, ಆಮೇಲೆ ಎಷ್ಟು ಕೈ, ಲೆಕ್ಕವಿಲ್ಲ, ಆ ಹನ್ನೊಂದರಲ್ಲಿ ಒಬ್ಬಾಕೆಯ ಗಂಡ ಟೀವಿಯಲ್ಲಿ ನಿರ್ಮಾಪಕ, ಹೆಂಡತಿ ದಿನಾ ಹಾಡಿಕೊಂಡು ಮನೆಗೆ ಬರುತ್ತಾಳಲ್ಲ ಏನು ಸಮಾಚಾರ ಅಂತ ನೋಡಲು ಬಂದವನು, ಮೆಟ್ಟಿಲ ಮೇಲೆ ನಿಂತು ಇಡೀ ತರಗತಿ ನೋಡಿದ, ಮರು ತಿಂಗಳು ಟೀವಿಯಲ್ಲಿ ಬೆಳಗಿನ ಬೆವರು ಅನ್ನುವ ಕಾರ್ಯಕ್ರಮ ಶುರುವಾಯಿತು. ಬೆಳಗಿನ ಬೆವರು! ಎದ್ದ ಮನೆಯಲ್ಲೆಲ್ಲ ಅವನ ದನಿ, ನಾಚಿಕೆ ಬಿಡಿ, ನಡು ಬಳುಕಿಸಿ, ವಾರಕ್ಕೊಂದು ಹೊಸ ಬಣ್ಣದ ಅಂಗಿ, ಹಳದಿ, ಗುಲಾಬಿ, ನವಿಲು ನೀಲಿ, ಜನವೇ ಮಿಂಚಣ್ಣ ಅಂತ ಕರೆದರು, ಒಂದೊಂದು ಅಂಗಿಗೂ ಅಕ್ಕ ನಾಲ್ಕೈದು ದಿನ ಕೂತು ಚಮಕಿ ಕಟ್ಟುತ್ತಿದ್ದಳು, ಕುಣಿಯುವಾಗ ಉದುರಬಾರದು ಅಂತ ಒಂದೊಂದಕ್ಕೂ ಮೂರು ಗಂಟು. ಕಾಗದಗಳು ಬಂದವು, ಗೋಣಿಚೀಲದಲ್ಲಿ ಬಂದವು, ಲಾರಿ ಓಡಿಸುವವನೊಬ್ಬ ರಸ್ತೆ ಬದಿಯ ಅಂಗಡಿಯಲ್ಲಿ ನಿಮ್ಮ ಕಾರ್ಯಕ್ರಮ ನೋಡಿ ಲಾರಿಯ ಹಿಂದೆ ಹೋಗಿ ಒಬ್ಬನೇ ಕುಣಿಯುತ್ತೇನೆ ಅಂತ ಬರೆದ, ಹಾಸಿಗೆ ಹಿಡಿದ ಟೀಚರಮ್ಮ ಒಬ್ಬರು ನಾನು ಬೆರಳು ಮಾತ್ರ ಆಡಿಸುತ್ತೇನೆ, ಪರವಾಗಿಲ್ಲವೇ ಅಂತ ಕೇಳಿದರು, ಅವನು ಫೋನು ಮಾಡಿದ, ಪರವಾಗಿಲ್ಲಮ್ಮಾ, ನಿಮ್ಮ ಬೆರಳು ಕುಣಿಯಲಿ, ನಾನು ಮಿಕ್ಕದ್ದು ಕುಣಿಯುತ್ತೇನೆ, ಹೇಳಿ ಅತ್ತುಬಿಟ್ಟ, ಆ ಅಳು ಸುಳ್ಳಲ್ಲ, ಟೀವಿಯಲ್ಲಿ ಜನರನ್ನು ಅಪ್ಪಿಕೊಂಡು ಅತ್ತದ್ದೂ ಸುಳ್ಳಲ್ಲ, ಆದರೆ ಕ್ಯಾಮೆರಾ ಎಲ್ಲಿದೆ ಅಂತ ಅಳುವಾಗಲೂ ಗೊತ್ತಿರುತ್ತಿತ್ತು, ಎರಡೂ ನಿಜ, ಎರಡು ನಿಜ ಒಂದೇ ಮುಖದಲ್ಲಿ ಇದ್ದರೆ ಯಾರು ನಂಬುತ್ತಾರೆ. ಐದನೇ ವರ್ಷ, ಸಾವಿರದ ಐನೂರನೇ ಕಂತು, ದೊಡ್ಡ ವೇದಿಕೆ, ನೇರ ಪ್ರಸಾರ, ನಿರ್ಮಾಪಕ ಬಂದು ಕೂತ, ಮಿಂಚಣ್ಣ, ನೀವು ಮುಂಚೆ ದಪ್ಪ ಇದ್ರಿ ಅಂತೀರಲ್ಲ, ಅದನ್ನ ತೋರಿಸೋಣ, ಆಗಿನದೊಂದು ಫೋಟೋ ಕೊಡಿ. ಎಲ್ಲಿಯ ಫೋಟೋ, ಒಲೆಗೆ ಹೋಗಿ ಎಷ್ಟು ವರ್ಷವಾಯಿತು. ಆದರೂ ಹುಡುಕಿದ, ಅಕ್ಕ ಮಾರ್ಕೆಟ್ಟಿಗೆ ಹೋಗಿದ್ದಳು, ಯಂತ್ರದ ಖಾನೆ ಎಳೆದ, ದಾರದ ಉಂಡೆ, ಬಾಬಿನ್ನು, ಮುರಿದ ಸೂಜಿ ಹಾಕಿಟ್ಟ ಡಬ್ಬಿ, ಅದರ ಕೆಳಗೆ, ಬಟ್ಟೆಯಲ್ಲಿ ಸುತ್ತಿ, ಒಂದೇ ಒಂದು. ಸೋದರಮಾವ ಹಿತ್ತಿಲಲ್ಲಿ ತೆಗೆದದ್ದು, ಅವನು ಕ್ಯಾಮೆರಾ ಕಂಡು ಓಡಿದ್ದರಿಂದ ಅವನ ಜಾಗದಲ್ಲಿ ಬರೀ ಒಂದು ಮಸುಕು, ಪಕ್ಕದಲ್ಲಿ ಅಕ್ಕ, ಇಪ್ಪತ್ತೆರಡು ವರ್ಷದ ಅಕ್ಕ, ಒದ್ದೆ ಕೂದಲು, ಬೇಡ ಮಾವಾ ಬೇಡ ಅಂತ ನಗುತ್ತಿದ್ದಾಳೆ, ಎಡಗೈ ಹೊಟ್ಟೆಗೆ ಅಡ್ಡ ಇಟ್ಟುಕೊಂಡಿದ್ದಾಳೆ, ಬೆರಳು ಅಗಲಿಸಿ, ಅಷ್ಟು ಚಿಕ್ಕ ಕೈಯಲ್ಲಿ ಅಷ್ಟನ್ನೂ ಮುಚ್ಚಿಬಿಡುವವಳ ಹಾಗೆ. ನಿರ್ಮಾಪಕ ನೋಡಿದ, ಇದರಲ್ಲಿ ನೀವು ಕಾಣಲ್ಲ, ಇವರು ಯಾರು, ಇವರನ್ನೇ ಹಾಕೋಣ ಬಿಡಿ. ಯಾರೋ ದೂರದವರು ಅಂದ. ದೂರದವರು ಅಂದ! ಬಾಯಿಗೆ ಹಾಗೆ ಬಂತು, ಬಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ವೇದಿಕೆಯ ಮೇಲೆ ಎರಡಾಳೆತ್ತರದ ಪರದೆಯಲ್ಲಿ ಅಕ್ಕ, ಅದರ ಪಕ್ಕ ಯಾವಳೋ ತೆಳ್ಳಗಿನ ರೂಪದರ್ಶಿ, ಮೊದಲು, ಆಮೇಲೆ, ಮೂರು ಸಾವಿರ ಜನ ಕೂತಿದ್ದಾರೆ, ಎಲ್ಲರೂ ಅವನ ಬಾಯಿ ನೋಡುತ್ತಿದ್ದಾರೆ, ಐದು ವರ್ಷ ಅವನು ತನ್ನನ್ನು ಬಿಟ್ಟು ಯಾರನ್ನೂ ನಗೆಗೆ ಈಡು ಮಾಡಿರಲಿಲ್ಲ, ಅದೇ ಅವನ ನೇಮ, ಒಂದು ಗಳಿಗೆ, ಒಂದೇ ಒಂದು ಗಳಿಗೆ ನಾಲಗೆ ತುರಿಸಿತು, ಪಾಪ, ಕೈ ಅಡ್ಡ ಹಿಡಿದಿದ್ದಾರೆ ನೋಡಿ, ಬೆಟ್ಟಕ್ಕೆ ಕೊಡೆ ಹಿಡಿದ ಹಾಗೆ. ಮೂರು ಸಾವಿರ ಜನ ನಕ್ಕರು. ಅಂಥ ನಗು ಅವನಿಗೆ ಮುಂಚೆಯೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ.

ಅವಳು ನೋಡಿರಲಾರಳು ಅಂದುಕೊಂಡ, ಕಾರಿನಲ್ಲಿ ದಾರಿಯುದ್ದಕ್ಕೂ ಹಾಗೇ ಅಂದುಕೊಂಡ, ಕೆಲಸ ಇರುತ್ತೆ, ಕರೆಂಟು ಹೋಗಿರುತ್ತೆ — ಒಂದು ಕಂತನ್ನೂ ಬಿಡದೆ ನೋಡಿದವಳು, ಯಂತ್ರದ ಎದುರಿಗೇ ಟೀವಿ, ನಿನ್ನೆ ಎಡತೋಳಿನ ಹತ್ತಿರ ಒಂದು ಚಮಕಿ ಸಡಿಲಾಗಿತ್ತು ಬಿಚ್ಚಿ ಕೊಡು ಅನ್ನುವವಳು. ಮನೆ ತಲುಪಿದಾಗ ನೇರಳೆ ಬಣ್ಣದ ಅಂಗಿಗೆ ಗಂಟು ಹಾಕುತ್ತಿದ್ದಳು. ತಲೆ ಎತ್ತಲಿಲ್ಲ. ಊಟ ಮಾಡ್ತೀಯಾ ಪುಟ್ಟಾ, ಬಡಿಸಲಾ. ನೀನು ಬಾ ಅಕ್ಕ, ಜೊತೆಗೆ ಮಾಡೋಣ. ನೀನು ಮಾಡು, ನಂದಾಯ್ತು. ಅಷ್ಟೇ ಮಾತು. ಫೋಟೋ ಮತ್ತೆ ಖಾನೆಯಲ್ಲಿಟ್ಟ, ಅದೇ ಬಟ್ಟೆ ಸುತ್ತಿ. ನಂದಾಯ್ತು ಅನ್ನುವುದು ಆ ದಿನದ ಮಾತು ಅಂದುಕೊಂಡಿದ್ದ, ಮರುದಿನವೂ ನಂದಾಯ್ತು, ವಾರ ಕಳೆದರೂ ನಂದಾಯ್ತು, ಅವನಿಗೆ ಹೊಳೆಯಲು ಎಂಟು ತಿಂಗಳು ಬೇಕಾಯಿತು, ಅಕ್ಕ ಅವನ ಕಣ್ಣ ಮುಂದೆ ತಿನ್ನುವುದನ್ನೇ ಬಿಟ್ಟಿದ್ದಾಳೆ, ಒಂದು ಬಿಸ್ಕತ್ತು ಸಹ, ಇಪ್ಪತ್ತಾರು ವರ್ಷ ಒಂದೇ ಸೂರಿನ ಕೆಳಗೆ ಇದ್ದು ಅವಳು ಜಗಿಯುವುದನ್ನು ಅವನು ಕಂಡಿಲ್ಲ. ಯಾರಾದರೂ ಕ್ಯಾಮೆರಾ ತೆಗೆದರೆ ಕೋಣೆಯಲ್ಲಿ ಅವಳಿರುವುದಿಲ್ಲ, ಅವನಿಗೆ ಪ್ರಶಸ್ತಿ ಕೊಟ್ಟ ದಿನ ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತು ಚಪ್ಪಾಳೆ ಕೇಳಿಸಿಕೊಂಡಳು. ಎಷ್ಟೋ ಸಲ ಬಾಯಿ ತೆರೆದ. ಅಕ್ಕಾ, ಆವತ್ತು — ಆವತ್ತು ಏನು, ಅಂದುಬಿಡುವಳು, ಸೂಜಿಗೆ ದಾರ ಹಾಕಿ ಕೊಡು, ನನಗೆ ಕಣ್ಣು ಕಾಣಲ್ಲ. ದಾರ ಹಾಕಿ ಕೊಡುವನು. ಆಮೇಲೆ ಕಾಲ ತಿರುಗಿತು, ಟೀವಿಗೆ ಹೊಸ ಯಜಮಾನರು, ಮೈಯೆಲ್ಲ ಹಗ್ಗ ಹೊಸೆದಂತಿರುವ ಹುಡುಗರು ಬಂದು ಗುರ್ ಅಂತ ಭಾರ ಎತ್ತಿದರು, ಯಾರೂ ನಗಲಿಲ್ಲ, ನಗಿಸುವುದು ಹಳೇ ಕಾಲದ್ದಾಯಿತು, ನಕಲಿ ಮಾಡುವವರು ಮಾತ್ರ ಅವನ ಹಾಗೆ ಚಮಕಿ ಅಂಗಿ ತೊಟ್ಟು ಸೊಂಟ ತಿರುಗಿಸಿ ಕಣ್ಣೊರೆಸಿಕೊಂಡು ತೋರಿಸಿದರು, ಅವನ ಮಂಡಿ ಕೈಕೊಟ್ಟಿತು, ಒಂದು ಶೂ ಅಂಗಡಿಯ ಉದ್ಘಾಟನೆಯಲ್ಲಿ ಒಂದು ಸುತ್ತು ತಿರುಗಲು ಹೋಗಿ ಬಿದ್ದ, ಎತ್ತಲು ಬಂದವರಿಗಿಂತ ಫೋನು ಎತ್ತಿದವರು ಹೆಚ್ಚು, ಅಂದೇ ಬಾಗಿಲು ಹಾಕಿಕೊಂಡ, ಹನ್ನೊಂದು ವರ್ಷ ಹೊಸ್ತಿಲು ದಾಟಿದ್ದು ಕಡಿಮೆ. ಮಿಂಚಣ್ಣ ತೀರಿಕೊಂಡನಂತೆ ಅಂತ ಸುದ್ದಿ ಹಬ್ಬಿತು, ಬೀದಿಯಲ್ಲಿ ಯಾರೋ ಅಕ್ಕನಿಗೇ ಹೇಳಿ ಸಂತಾಪ ಸೂಚಿಸಿದರಂತೆ, ಅವಳು ಮನೆಗೆ ಬಂದು ಬಾಗಿಲಲ್ಲೇ ನಿಂತು ಕೇಳಿದಳು, ಏನಪ್ಪಾ, ಹೆಣಕ್ಕೆ ಚಹಾ ಬೇಕಂತಾ. ಇಬ್ಬರೂ ನಕ್ಕರು, ಹೊಟ್ಟೆ ಹಿಡಿದು ನಕ್ಕರು, ಎರಡು ಲೋಟ ತಂದಳು, ಅವನ ಕೈಗೆ ಒಂದು ಕೊಟ್ಟು ತನ್ನದನ್ನು ಎತ್ತಿಕೊಂಡು ಒಳಕೋಣೆಗೆ ಹೋದಳು. ಅವತ್ತಾದರೂ ಹಿಂದೆ ಹೋಗಬೇಕಿತ್ತು. ಹೋಗಲಿಲ್ಲ. ಲಕ್ವ ಹೊಡೆದ ಆ ಬೆಳಗ್ಗೆಯೂ ಹೋಗಲಿಲ್ಲ, ಹೊಲಿಗೆ ಯಂತ್ರ ಒಂದೇ ಸಮನೆ ಓಡುತ್ತಿತ್ತು, ಈಗಿನದು ಮೋಟಾರಿನದು, ಪಕ್ಕದ ಮನೆ ಮಗುವಿನ ಯೂನಿಫಾರಮ್ಮು ಹೊಲಿಯುತ್ತಿದ್ದಾಳೆ ಅಂತ ಗೊತ್ತು, ಅವನು ಬಚ್ಚಲಲ್ಲಿ ತಲೆಗೆ ಬಣ್ಣ ಹಚ್ಚುತ್ತಿದ್ದ, ಯಾರು ನೋಡಬೇಕು ಅಂತ ಹಚ್ಚುತ್ತಿದ್ದನೋ, ಏನಿದು ಇಷ್ಟುದ್ದದ ಹೊಲಿಗೆ, ಮಗುವಿನ ಲಂಗಕ್ಕೆ ಎಷ್ಟು ಸುತ್ತಳತೆ ಅಂದುಕೊಂಡ, ಬಣ್ಣ ಒಣಗಲಿ ಅಂತ ಕಾದ, ಯಂತ್ರ ನಿಲ್ಲಲಿಲ್ಲ, ಬಂದು ನೋಡಿದರೆ ಅವಳು ಬಟ್ಟೆಯ ಮೇಲೆ ಕೆನ್ನೆ ಇಟ್ಟು ಒರಗಿದ್ದಾಳೆ, ಪಾದ ಪೆಡಲಿನ ಮೇಲೆ, ಸೂಜಿ ಒಂದೇ ಜಾಗದಲ್ಲಿ ಚುಚ್ಚುತ್ತಿದೆ, ದಾರ ಮುಗಿದುಹೋಗಿದೆ.

ಸಾಕು. ಇದು ಅಕ್ಕನ ದನಿ, ಈಗಿನದು, ಕಂಬಿಗಳ ನಡುವಿನಿಂದ. ಅವಳಲ್ಲಿ ಉಳಿದಿರುವುದು ಈ ಒಂದು ಮಾತು, ಮಿದುಳಿಗೆ ಪೆಟ್ಟು ಬಿದ್ದಾಗ ಕೆಲವರಿಗೆ ಹಾಗಾಗುತ್ತದಂತೆ, ಒಂದೇ ಪದ ಉಳಿಯುತ್ತದಂತೆ, ನೀರು ಬೇಕಾದರೂ ಸಾಕು, ಕಿಟಕಿ ತೆಗೆ ಅನ್ನಲೂ ಸಾಕು, ನೋವಾದರೂ ಸಾಕು. ಆಸ್ಪತ್ರೆಯ ನಾಲ್ಕನೇ ದಿನ ಅವನು ಹಾಸಿಗೆಯ ಅಂಚಿನಲ್ಲಿ ಕೂತು, ಇಪ್ಪತ್ತಾರು ವರ್ಷದ್ದನ್ನು ಒಂದೇ ಉಸಿರಿನಲ್ಲಿ ಹೇಳಿದ, ಅಕ್ಕಾ ಆ ಫೋಟೋ ನಾನೇ ಕೊಟ್ಟೆ, ನೀನು ದೂರದವಳು ಅಂದೆ, ಆ ಮಾತು ನಾನೇ ಆಡಿದೆ, ನನ್ನನ್ನ ಬೈಯಿ, ಹೊಡಿ, ಏನಾದರೂ ಅನ್ನು. ಅವಳು ಸಾಕು ಅಂದಳು. ಕ್ಷಮಿಸಿದೆ, ಸಾಕು ಅಂತಲೋ, ನಿನ್ನ ಸಹವಾಸವೇ ಸಾಕು ಅಂತಲೋ, ಬಾಯಾರಿಕೆ ಅಂತಲೋ, ಅವನು ಎದ್ದು ಹೋಗಿ ನೀರು ತಂದುಕೊಟ್ಟ, ಕುಡಿದಳು, ಅವನ ಎದುರಿಗೇ ಕುಡಿದಳು, ಬೇರೆ ದಾರಿ ಇರಲಿಲ್ಲ. ಸಾಕಾ ಅಮ್ಮಾ, ಇನ್ನೊಂದೇ ಸಲ ನೋಡೋಣ, ಹುಡುಗಿ ಅನ್ನುತ್ತಿದ್ದಾಳೆ, ಸರ್, ನೀವು ಸುಮ್ನೆ ಕೂತಿದ್ದೀರಲ್ಲ, ಬನ್ನಿ ಇಲ್ಲಿ ಮುಂದೆ ನಿಂತು ಎಣಿಸಿ, ಮನೆಯವರ ದನಿ ಕೇಳಿದ್ರೆ ಕೆಲವರ ಕಾಲು ಬೇಗ ಮಾತು ಕೇಳುತ್ತೆ. ನಾನಾ. ನೀವೇ ಸರ್, ಎಣಿಸೋಕೆ ಬರಲ್ವಾ. ಬರುತ್ತೆ ಅಂದ. ಎದ್ದ, ಮಂಡಿ ಕಟಕ್ ಅಂತು, ಕಂಬಿಗಳ ಕೊನೆಯಲ್ಲಿ ಅಕ್ಕನಿಗೆ ಎದುರಾಗಿ ನಿಂತ, ಕಪ್ಪು ಕನ್ನಡಕದಲ್ಲಿ ಅವಳು ಮಬ್ಬಾಗಿ ಕಂಡಳು, ತೆಗೆದು ಜೇಬಿಗೆ ಹಾಕಿಕೊಂಡ, ಟೋಪಿಯನ್ನೂ ತೆಗೆದ, ಅವಳು ನೋಡುತ್ತಿದ್ದಾಳೆ, ಬೆವರಿದ್ದಾಳೆ, ಎಡಗೈ ಕಂಬಿಯನ್ನು ಗೆಣ್ಣು ಬೆಳ್ಳಗಾಗುವಷ್ಟು ಹಿಡಿದಿದೆ, ಅದೊಂದೇ ಅವಳ ಆಧಾರ. ಒಂ-ದು, ಅಂದ, ದನಿ ಸಣ್ಣಗೆ ಬಂತು, ಎರ-ಡು, ಹನ್ನೊಂದು ವರ್ಷ ತುಕ್ಕು ಹಿಡಿದದ್ದು ಎಲ್ಲಿತ್ತೋ, ಹೊಟ್ಟೆಯಿಂದ ಎದ್ದು ಬಂತು, ಮೂ-ರು, ಈ ಕಡೆ ನೋಡಿ, ನಾಲ್-ಕು, ನಾಚಿಕೆ ಬಿಡಿ, ಐ-ದು, ಕೋಣೆಯೆಲ್ಲ ತಿರುಗಿ ನೋಡಿತು, ಆ-ರು, ಅಕ್ಕನ ಬಲಪಾದ ನೆಲದ ಮೇಲೆ ಜಾರಿತು, ಏ-ಳು, ಜಾರಿತು, ಎರಡು ಬೆರಳಗಲ, ನಾಲ್ಕು ಬೆರಳಗಲ, ಎಂ-ಟು, ಒಂದು ಹೆಜ್ಜೆ. ಒಂದು ಹೆಜ್ಜೆ! ಹುಡುಗಿ ಚೀರಿದಳು, ಅಮ್ಮಾ ಬಂತು ಅಮ್ಮಾ, ಅಕ್ಕನ ಮುಖದ ಎಡಭಾಗ ನಕ್ಕಿತು, ಎಷ್ಟು ವರ್ಷವಾಯಿತು ಈ ನಗು ಕಂಡು, ಅವನ ಕಣ್ಣಲ್ಲಿ ನೀರು, ಕ್ಯಾಮೆರಾ ಇಲ್ಲದ ನೀರು. ಗೋಡೆಯ ಚಕ್ರ ತಿರುಗಿಸಿ ಹೆಗಲಿಗೆ ವ್ಯಾಯಾಮ ಮಾಡುತ್ತಿದ್ದ ಮುದುಕರೊಬ್ಬರು ಚಕ್ರ ಬಿಟ್ಟು ಬಂದರು, ಅಯ್ಯೋ ಈ ದನಿ, ಈ ದನಿ ನನಗೆ ಗೊತ್ತು, ನೀವು ಮಿಂಚಣ್ಣ ಅಲ್ವಾ, ಬದುಕಿದ್ದೀರಾ, ನಮ್ಮಾಕೆ ಹತ್ತೊಂಬತ್ತು ವರ್ಷ ನಿಮ್ಮ ಜೊತೆ ಕುಣಿದಳು ಸ್ವಾಮಿ, ನಂಬಲ್ಲ ಅವಳು, ನಾನು ಹೇಳಿದ್ರೆ ನಂಬಲ್ಲ, ಒಂದು ಫೋಟೋ, ಹಾಗೇ ಇರಿ, ಅಮ್ಮಾವ್ರೂ ಬರಲಿ, ಒಂದೇ ನಿಮಿಷ. ಮುದುಕರ ಕೈಯಲ್ಲಿ ಫೋನು ಮೇಲೆದ್ದಿತು, ಆ ಸಣ್ಣ ಗಾಜಿನ ಕಣ್ಣು, ಕಂಡದ್ದೇ ತಡ ಅವನ ಗಲ್ಲ ತಾನಾಗಿ ಮೇಲೆ ಹೋಯಿತು, ಹಲ್ಲು ಹೊರಬಂದವು, ಒಂದು ಭುಜ ಮುಂದಕ್ಕೆ, ಯಾರೂ ಹೇಳಲಿಲ್ಲ, ಅವನೂ ಹೇಳಲಿಲ್ಲ, ಮೈಗೆ ಗೊತ್ತಿತ್ತು, ಬೇಡ ಅನ್ನಬೇಕು, ಅಡ್ಡ ಹೋಗಿ ನಿಲ್ಲಬೇಕು ಅಂತ ಮನಸ್ಸಿಗೆ ಬರುವಷ್ಟರಲ್ಲಿ ಮೈ ಫೋಟೋಕ್ಕೆ ನಿಂತಾಗಿತ್ತು, ಹುಡುಗಿ ಕೂಗುತ್ತಿದ್ದಾಳೆ, ಅಮ್ಮಾ ಕಂಬಿ ಬಿಡಬೇಡಿ, ಅಮ್ಮಾ ಬೀಳ್ತೀರಿ, ಕೈ, ಕೈ, ಅವನು ತಿರುಗಿದ, ಅಕ್ಕ ಕಂಬಿ ಬಿಟ್ಟಿದ್ದಾಳೆ, ಇಡೀ ಮೈ ಬಲಕ್ಕೆ ವಾಲುತ್ತಿದೆ, ಹುಡುಗಿ ಎರಡೂ ಕೈಯಲ್ಲಿ ಪಟ್ಟಿ ಎಳೆದು ಹಿಡಿದಿದ್ದಾಳೆ, ಅವನು ಓಡಿದ, ಅಪ್ಪಿ ಹಿಡಿದ, ಫೋಟೋ ಬೇಡ ಅಕ್ಕಾ, ಯಾರೂ ತೆಗೆಯಲ್ಲ ಅಕ್ಕಾ, ಕಂಬಿ ಹಿಡಿ, ಅವಳು ಹಿಡಿಯುವುದಿಲ್ಲ, ಅವಳಿಗಿರುವುದು ಒಂದೇ ಕೈ, ಆ ಕೈ ಹೊಟ್ಟೆಯ ಮೇಲಿದೆ, ಎಡಗೈ, ಹೊಟ್ಟೆಗೆ ಅಡ್ಡ, ಬೆರಳು ಅಗಲಿಸಿ, ಆ ಕೈ —